ಬಟನ್ ಒತ್ತುವ ಮೊದಲು: ಹ್ಯಾಮ್ ರೇಡಿಯೋ ಪ್ರಶ್ನೋತ್ತರ

ಹ್ಯಾಮ್ ಅಂದರೆ ಪರೀಕ್ಷೆ ಬರೆದು, ಲೈಸೆನ್ಸ್ ಪಡೆದು, ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವರು. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಸ್ತುವಿನ ಬಗ್ಗೆ. ಅಂಗೈಯಲ್ಲಿ ಹಿಡಿಸುವ ಕರೀ ವಾಕಿಟಾಕಿ ಸೆಟ್, ತಲೆ ಮೇಲೊಂದು ರಬ್ಬರ್ ಕೋಲು, ಪಕ್ಕದಲ್ಲೊಂದು ಬಟನ್. ಕೆಲವರು ಆಗಲೇ ಕೊಂಡಿದ್ದಾರೆ, ಕೆಲವರು ಕೊಳ್ಳಲು ಹೊರಟಿದ್ದಾರೆ. ಒಬ್ಬ ತಾಯಿ ಮಗನ ಕೈಯಿಂದ ಕಿತ್ತು ಬೀರುವಿನಲ್ಲಿಟ್ಟು, ಬೀಗ ಹಾಕಿ, ಆಮೇಲೆ ನನಗೆ ಬರೆದಿದ್ದಾರೆ. ಅವರಿಂದಲೇ ಶುರು ಮಾಡೋಣ.

ನನ್ನ ತಮ್ಮ ದುಬೈಯಿಂದ ಬರುವಾಗ ನನ್ನ ಮಗನಿಗೆ ಬಾವೋಫೆಂಗ್ ಯುವಿ-5ಆರ್ ಸೆಟ್ ತಂದುಕೊಟ್ಟ. ಮಗನಿಗೆ 13 ವರ್ಷ. ಒಂದು ರಾತ್ರಿ ಅದರಲ್ಲಿ ಯಾರೋ ಮಾತಾಡುವುದು ಕೇಳಿಸಿತಂತೆ. ಇವನೂ ಬಟನ್ ಒತ್ತಿ 'ಹಲೋ ಹಲೋ' ಅಂದನಂತೆ. ಆ ಕಡೆಯಿಂದ ಯಾರೋ ಜೋರಾಗಿ ಗದರಿದರಂತೆ. ನಮ್ಮ ಮನೆಗೆ ಪೊಲೀಸರು ಬರುತ್ತಾರಾ?
– ಕೆ.ಪಿ., ದಾವಣಗೆರೆ

ಒಂದು ಹಲೋಗೆ ಜೀಪು ಬರುತ್ತದೆ ಎಂದು ನಿದ್ದೆಗೆಡಬೇಡಿ. ಆದರೆ ಮಗ ಮಾಡಿದ್ದು ತಪ್ಪೇ. ಅವನಿಗೆ ಗದರಿದವರ ಮೇಲೂ ಸಿಟ್ಟು ಬೇಡ.

ಈ ಸೆಟ್ಟಿನ ತೊಂದರೆ ಏನೆಂದರೆ, ಅದಕ್ಕೆ ಬೇಲಿ ಅನ್ನುವುದೇ ಇಲ್ಲ. 136ರಿಂದ 174 ಮೆಗಾಹರ್ಟ್ಸ್, ಮೇಲೆ 400ರಿಂದ 520, ಇಷ್ಟೂ ಜಾಗದಲ್ಲಿ ಅದು ಕೇಳಿಸಿಕೊಳ್ಳುತ್ತದೆ, ಮಾತೂ ಆಡುತ್ತದೆ. ನಮ್ಮ ದೇಶದಲ್ಲಿ ಹ್ಯಾಮ್‌ಗಳಿಗೆ ಅದರಲ್ಲಿ ಸಿಗುವುದು 144ರಿಂದ 146, ಮತ್ತೆ 434ರಿಂದ 438, ಅಷ್ಟೇ. ಉಳಿದದ್ದರಲ್ಲಿ ಪೊಲೀಸರಿದ್ದಾರೆ, ಹಡಗಿನವರಿದ್ದಾರೆ, ಕಾರ್ಖಾನೆಯವರಿದ್ದಾರೆ. ಸೆಟ್ಟಿಗೆ ಇದೇನೂ ಗೊತ್ತಿಲ್ಲ. ಗೊತ್ತಿರಬೇಕಾದದ್ದು ಬಟನ್ ಒತ್ತುವವರಿಗೆ. ಲೈಸೆನ್ಸ್ ಇರುವುದು ಅದಕ್ಕೇ.

ಲೈಸೆನ್ಸ್ ಇಲ್ಲದೆ ಇಂಥ ಸೆಟ್ ಇಟ್ಟುಕೊಳ್ಳುವುದೂ ಕಾನೂನಿಗೆ ಒಪ್ಪುವುದಿಲ್ಲ. ಆನ್‌ಲೈನ್ ಅಂಗಡಿಗಳಲ್ಲಿ ಇವು ಆಟಿಕೆಯ ಹಾಗೆ ಬಿಕರಿಯಾಗುತ್ತಿದ್ದವು. 2025ರ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಇದಕ್ಕೆಂದೇ ಮಾರ್ಗಸೂಚಿ ಹೊರಡಿಸಿತು. ನಿಮ್ಮ ತಮ್ಮನಿಗೆ ಇದೆಲ್ಲ ಗೊತ್ತಿರಲಿಕ್ಕಿಲ್ಲ. ಸೋದರಮಾವ ಪ್ರೀತಿಯಿಂದ ತಂದದ್ದು, ಬೈಯಬೇಡಿ.

ಈಗ ಮಾಡಬೇಕಾದದ್ದು ಇಷ್ಟು. ಬ್ಯಾಟರಿ ಬಿಚ್ಚಿಡಿ. ಹತ್ತಿರದಲ್ಲಿ ಲೈಸೆನ್ಸ್ ಇರುವ ಹ್ಯಾಮ್ ಯಾರಾದರೂ ಇದ್ದರೆ ಸೆಟ್ಟನ್ನು ಅವರ ಕೈಗೆ ಕೊಡಿ. ಮಗ ಭಾನುವಾರ ಅವರ ಮನೆಗೆ ಹೋಗಿ ಪಕ್ಕದಲ್ಲಿ ಕೂತು ಕೇಳಲಿ. ಹ್ಯಾಮ್‌ಗಳು ಇಂಥ ಹುಡುಗರಿಗೆ ಕಾಫಿ ತಿಂಡಿ ಕೊಟ್ಟು ಕೂರಿಸಿಕೊಳ್ಳುವ ಜಾತಿ, ಹೆದರಬೇಡಿ. ಮನೆಯಲ್ಲೂ ಕೇಳಬೇಕೆಂದರೆ ಕಂಪ್ಯೂಟರ್ ಸಾಕು. ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿ ಒಂದು ರಿಸೀವರ್ ಇದೆ. ಬ್ರೌಸರ್ ತೆರೆದರೆ ಅದನ್ನು ನಾವು ಇಲ್ಲಿ ಕೂತು ತಿರುಗಿಸಬಹುದು, ಪುಕ್ಕಟೆ. ಯುರೋಪಿನ ಹ್ಯಾಮ್‌ಗಳ ಮಾತು, ಗಿಡ್ಡ-ಉದ್ದ ದನಿಗಳಲ್ಲಿ ಅಕ್ಷರ ಕಳಿಸುವ ಮೋರ್ಸ್, ಎಲ್ಲ ಸಿಗುತ್ತದೆ.

ಒಂದು ಸಿಹಿ ಸುದ್ದಿಯೂ ಇದೆ. ಹ್ಯಾಮ್ ಪರೀಕ್ಷೆಗೆ ಕನಿಷ್ಠ ವಯಸ್ಸು 12. ನಿಮ್ಮ ಮಗ ಆಗಲೇ ಒಂದು ವರ್ಷ ತಡ.

ನಾನು ಬಿ.ಎ. ಓದಿದವಳು. ಬಟ್ಟೆ ಅಂಗಡಿ ಇದೆ. ರೇಡಿಯೋ ಅಂದರೆ ಚಿಕ್ಕಂದಿನಿಂದ ಹುಚ್ಚು, ಆದರೆ ಸೈನ್ಸ್ ಅಂದರೆ ಭಯ. ಹ್ಯಾಮ್ ಪರೀಕ್ಷೆ ನನ್ನಂಥವರು ಪಾಸು ಮಾಡುವಂಥದ್ದಾ?
– ಎಸ್., ಗೋಕಾಕ

ಹೌದು. ನಾನು ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಳ್ಳುವವಳು. ನನ್ನ ಹುಡುಗರಿಗಿಂತ ಚೆನ್ನಾಗಿ ಬರೆದ ಒಬ್ಬ ಹೊಲಿಗೆ ಮೇಷ್ಟರನ್ನು ಕಣ್ಣಾರೆ ನೋಡಿದ್ದೇನೆ. ಕಾರಣ ಸುಲಭ. ಅವರು ನಿಯಮದ ಪಾಠ ಓದಿದ್ದರು, ನಮ್ಮ ಹುಡುಗರು 'ಅದೇನ್ ಬಿಡಿ ಮೇಡಂ' ಅಂದಿದ್ದರು.

ಪರೀಕ್ಷೆಯ ಹೆಸರು ಅಮೆಚೂರ್ ಸ್ಟೇಷನ್ ಆಪರೇಟರ್ಸ್ ಸರ್ಟಿಫಿಕೇಟ್, ನಾವೆಲ್ಲ ಎಎಸ್‌ಒಸಿ ಅನ್ನುತ್ತೇವೆ. ನಡೆಸುವುದು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ. ಅರ್ಜಿ ಹಾಕುವುದು ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ನಮ್ಮ ರಾಜ್ಯದಲ್ಲಿ ಬೆಂಗಳೂರು ಮತ್ತು ಮಂಗಳೂರಿನಲ್ಲಿ ಪರೀಕ್ಷೆ ನಡೆದುಕೊಂಡು ಬಂದಿದೆ.

ದರ್ಜೆ ಎರಡು. ರಿಸ್ಟ್ರಿಕ್ಟೆಡ್ ಮತ್ತು ಜನರಲ್. ರಿಸ್ಟ್ರಿಕ್ಟೆಡ್ ಬರೆದರೆ ಮೋರ್ಸ್ ಬೇಡ. ಜನರಲ್‌ಗೆ ನಿಮಿಷಕ್ಕೆ 8 ಪದದ ವೇಗದಲ್ಲಿ ಮೋರ್ಸ್ ಕೇಳಿ ಬರೆಯಬೇಕು, ಕಳಿಸಲೂ ಬೇಕು. ರಿಸ್ಟ್ರಿಕ್ಟೆಡ್‌ನವರ ಕಾಲ್‌ಸೈನ್, ಅಂದರೆ ರೇಡಿಯೋದಲ್ಲಿ ಹೇಳಿಕೊಳ್ಳುವ ಗುರುತಿನ ಹೆಸರು, ವಿಯು3 ಎಂದು ಶುರುವಾಗುತ್ತದೆ, ಜನರಲ್‌ನವರದ್ದು ವಿಯು2. ಕೈಯಲ್ಲಿ ಹಿಡಿಯುವ ಸೆಟ್ಟಿಗೆ ರಿಸ್ಟ್ರಿಕ್ಟೆಡ್ ಧಾರಾಳ ಸಾಕು. ವಿಯು2 ಇರುವ ಕೆಲವರು ವಿಯು3ಯವರನ್ನು ಸ್ವಲ್ಪ ಕೆಳಗಿಟ್ಟು ನೋಡುವುದುಂಟು. ನಾನೂ ಆರು ವರ್ಷ ವಿಯು3 ಆಗಿದ್ದವಳು. ಆ ನೋಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಪ್ರಶ್ನೆಪತ್ರಿಕೆಯಲ್ಲಿ ಎರಡು ಭಾಗ. ಒಂದು ರೇಡಿಯೋ ಥಿಯರಿ, ಇನ್ನೊಂದು ನಿಯಮ. ರಿಸ್ಟ್ರಿಕ್ಟೆಡ್‌ಗೆ ಪ್ರತಿ ಭಾಗದಲ್ಲೂ ಶೇ 40 ಬರಬೇಕು, ಒಟ್ಟಿನಲ್ಲಿ ಶೇ 50. ಇಲ್ಲೇ ಜಾಣರು ಮುಗ್ಗರಿಸುವುದು. ಥಿಯರಿಯಲ್ಲಿ 70, ನಿಯಮದಲ್ಲಿ 35 ಬಂತು ಅನ್ನಿ. ಸರಾಸರಿ 50 ದಾಟಿತು, ಆದರೂ ಫೇಲು.

ಥಿಯರಿಯ ಭಯ ಕಳೆಯಲು ನಿಮ್ಮ ಅಂಗಡಿಯಲ್ಲೇ ಒಂದು ಪಾಠ ಮಾಡೋಣ. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಬರುತ್ತದೆ. 300 ಭಾಗಿಸು 145 ಅಂದರೆ 2.07. ಅಂದರೆ 145 ಮೆಗಾಹರ್ಟ್ಸ್‌ನ ಒಂದು ಅಲೆಯನ್ನು ನೀವು ಬಟ್ಟೆ ಅಳೆಯುವ ಮೀಟರ್ ಕೋಲಿನಿಂದಲೇ ಅಳೆಯಬಹುದು. ಎರಡು ಮೀಟರು, ಮೇಲೆ ಏಳು ಸೆಂಟಿಮೀಟರು ಕೊಸರು. ಹ್ಯಾಮ್‌ಗಳು 'ಟೂ ಮೀಟರ್ ಬ್ಯಾಂಡ್' ಅನ್ನುವುದು ಇದನ್ನೇ.

ಇನ್ನೊಂದು. ಸೆಟ್ಟಿನ ಬ್ಯಾಟರಿ 7.4 ವೋಲ್ಟ್. ಮಾತಾಡುವಾಗ ಅದು ಒಂದೂವರೆ ಆಂಪಿಯರ್ ಎಳೆಯಿತು ಅನ್ನಿ. ಗುಣಿಸಿದರೆ 11 ವ್ಯಾಟ್. ಆಂಟೆನಾಕ್ಕೆ ಹೋಗುವುದು ಹೆಚ್ಚೆಂದರೆ 5. ಉಳಿದ 6 ಎಲ್ಲಿ ಹೋಯಿತು? ಎರಡು ನಿಮಿಷ ಮಾತಾಡಿ ಸೆಟ್ಟಿನ ಬೆನ್ನು ಮುಟ್ಟಿ ನೋಡಿದರೆ ಗೊತ್ತಾಗುತ್ತದೆ. ಇಷ್ಟು ಅರ್ಥವಾಯಿತಲ್ವಾ? ನಿಮಗೆ ಸೈನ್ಸ್ ಬರುತ್ತದೆ.

ನಿಯಮದಲ್ಲಿ ಬರುವುದು ಯಾವ ಬ್ಯಾಂಡಿನ ಗಡಿ ಎಲ್ಲಿ, ಲಾಗ್ ಪುಸ್ತಕದಲ್ಲಿ ಏನು ಬರೆಯಬೇಕು, ಏನು ಮಾತಾಡಬಾರದು, ಕ್ಯೂ ಕೋಡ್ ಅಂದರೇನು ಎಂಬುದೆಲ್ಲ. ವ್ಯಾಪಾರದ ಮಾತು, ಹಾಡು ಹಾಕುವುದು, ಗುಟ್ಟಿನ ಭಾಷೆ, ಮೂರೂ ಕೂಡದು. ಕ್ಯೂ ಕೋಡ್ ಗುಟ್ಟಲ್ಲ, ಎಲ್ಲ ಹ್ಯಾಮ್‌ಗಳಿಗೂ ತಿಳಿದ ಮೂರಕ್ಷರದ ಚುಟುಕು: ಕ್ಯೂಟಿಎಚ್ ಅಂದರೆ ಇರುವ ಜಾಗ, ಕ್ಯೂಎಸ್‌ಎಲ್ ಅಂದರೆ ಮುಟ್ಟಿತು, ಕ್ಯೂಆರ್‌ಎಂ ಅಂದರೆ ಬೇರೆಯವರ ಅಡ್ಡಿ. ಒಂದು ಹಾಳೆಯಲ್ಲಿ ಬರೆದು ಗಲ್ಲಾಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ. ಹದಿನೈದು ದಿನದಲ್ಲಿ ಬಾಯಿಪಾಠ.

ಖರ್ಚು ಜಾಸ್ತಿ ಇಲ್ಲ. ನಮ್ಮ ಹುಡುಗರು ಪರೀಕ್ಷೆಗೆ ಕಟ್ಟಿದ್ದು 100 ರೂಪಾಯಿ. ಲೈಸೆನ್ಸಿಗೆ 20 ವರ್ಷದ್ದಾದರೆ 1,000, ಜೀವಮಾನದ್ದಾದರೆ 2,000. ಕಟ್ಟುವ ಮೊದಲು ಪೋರ್ಟಲ್‌ನಲ್ಲಿ ಆ ದಿನದ ದರ ಒಮ್ಮೆ ನೋಡಿಕೊಳ್ಳಿ.

ಬೇಕಾದದ್ದು ತಾಳ್ಮೆ. ಪಾಸಾದ ಮೇಲೆ ಕಾಲ್‌ಸೈನ್ ಬರಲು ನಾನು 11 ತಿಂಗಳು ಕಾದೆ. ಒಂದು ಕಚೇರಿಯಲ್ಲಿ ನನ್ನ ಫೈಲು ಬೇರೆ ಯಾರದ್ದೋ ಫೈಲಿನ ಹೊಟ್ಟೆಯೊಳಗೆ ಸೇರಿಕೊಂಡಿತ್ತು. ಸಿಕ್ಕಾಗ ಅಲ್ಲಿದ್ದವರು 'ಅಯ್ಯೋ ಮೇಡಂ, ಇಲ್ಲೇ ಇದೆಯಲ್ಲ' ಅಂದರು, ನಾನೇ ಬಚ್ಚಿಟ್ಟಿದ್ದೆನೇನೋ ಅನ್ನುವ ಹಾಗೆ. ಆ 11 ತಿಂಗಳು ಬರೀ ಕೇಳಿದೆ. ಯಾರು ಹೇಗೆ ಕರೆಯುತ್ತಾರೆ, ಯಾವಾಗ ಬಿಡುವು ಕೊಡುತ್ತಾರೆ, ಯಾರ ದನಿ ಎಷ್ಟು ಹೊತ್ತಿಗೆ ಬರುತ್ತದೆ, ಎಲ್ಲ ನೋಟ್ ಪುಸ್ತಕದಲ್ಲಿದೆ. ಅಷ್ಟು ಕೇಳಿದ್ದಕ್ಕೇ ಮೊದಲ ದಿನ ನಾನು ಹೆಚ್ಚು ತೊದಲಲಿಲ್ಲ.

ಲೈಸೆನ್ಸ್ ಬಂದು ಎರಡು ತಿಂಗಳಾಯಿತು. ಸೆಟ್ಟಿನ ಡಬ್ಬಿ ಮೇಲೆ ಹತ್ತಾರು ಕಿಲೋಮೀಟರ್ ಎಂದು ಬರೆದಿದೆ. ನನಗೆ ಮನೆಯಿಂದ ಮೂರು ಕಿಲೋಮೀಟರ್ ದೂರದ ಗೆಳೆಯನೇ ಸಿಗುವುದಿಲ್ಲ. ಸೆಟ್ ಕೆಟ್ಟಿದೆಯಾ? 10 ವ್ಯಾಟಿನದ್ದು ತೆಗೆದುಕೊಳ್ಳಲಾ?
– ಆರ್.ಜಿ., ಭದ್ರಾವತಿ

ಸೆಟ್ ಸರಿಯಾಗಿಯೇ ಇದೆ. 10 ವ್ಯಾಟಿನದ್ದಕ್ಕೆ ದುಡ್ಡು ಸುರಿಯಬೇಡಿ. ಡಬ್ಬಿ ಮೇಲೆ ಬರೆದದ್ದು ಎರಡು ಬೆಟ್ಟದ ತುದಿಯಲ್ಲಿ ನಿಂತವರ ಲೆಕ್ಕ.

ಈ ಅಲೆಗಳು ಹೆಚ್ಚು ಕಡಿಮೆ ನೋಟದ ಹಾಗೆಯೇ ಹೋಗುತ್ತವೆ. ಕಣ್ಣಿಗೆ ಅಡ್ಡ ಬಂದದ್ದು ಅವಕ್ಕೂ ಅಡ್ಡ. ನೀವು ನೆಲದ ಮೇಲೆ ನಿಂತಾಗ ಆಂಟೆನಾದ ಎತ್ತರ ಒಂದೂವರೆ ಮೀಟರ್. ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೋ ದಿಗಂತ ಸಿಗುತ್ತದೆ, ಸುಮಾರು 5 ಕಿಲೋಮೀಟರ್. ಗೆಳೆಯನ ಕಡೆಯಿಂದ ಇನ್ನೊಂದು 5. ಬಟಾ ಬಯಲಿನಲ್ಲಿ 10 ಕಿಲೋಮೀಟರ್ ಆಯಿತು. ನಡುವೆ ಮನೆ, ತೆಂಗಿನ ತೋಟ, ಕಾರ್ಖಾನೆಯ ತಗಡಿನ ಮಾಡು ಬಂದರೆ ಮೂರಕ್ಕೇ ಮುಗಿಯಿತು. ವ್ಯಾಟ್ ಎರಡರಷ್ಟು ಮಾಡಿದರೆ ಕೇಳುವವನಿಗೆ ಕೂದಲೆಳೆಯಷ್ಟು ವ್ಯತ್ಯಾಸ. ಎತ್ತರ ಏರಿದರೆ ಆಟವೇ ಬೇರೆ.

ಒಂದು ಡಿಸೆಂಬರ್ ಬೆಳಗ್ಗೆ ಕೊಡಚಾದ್ರಿ ಹತ್ತಿದ್ದೆ. ಎತ್ತರ 1,343 ಮೀಟರ್. ಪಶ್ಚಿಮದ ಅಂಚಿನಲ್ಲಿ ನಿಂತರೆ ಕೆಳಗೆ ಕರಾವಳಿ ಇಡೀ ಮಂಜಿನಡಿ ಮಲಗಿತ್ತು. ಇದೇ 5 ವ್ಯಾಟಿನ ಸೆಟ್. ಕಾಲ್‌ಸೈನ್ ಹೇಳಿ ಸುಮ್ಮನಾದೆ. ಉಡುಪಿಯ ಒಬ್ಬರು ತಾರಸಿ ಮೇಲೆ ಹಪ್ಪಳ ಒಣಗಿಸುತ್ತ ನಿಂತವರು ಉತ್ತರ ಕೊಟ್ಟರು. ಸುಮಾರು 60 ಕಿಲೋಮೀಟರ್. ಪಕ್ಕದಲ್ಲಿ ಕೂತು ಮಾತಾಡಿದ ಹಾಗಿತ್ತು. ಕಾಗೆ ಓಡಿಸುವ ಸದ್ದೂ ಕೇಳಿಸಿತು. ಅವತ್ತೇ ಸಂಜೆ ಕೆಳಗಿಳಿದು ಬಸ್ ಸ್ಟ್ಯಾಂಡಿನಿಂದ ಕರೆದೆ. ಸುಂಯ್ ಅನ್ನುವ ಸದ್ದು ಬಿಟ್ಟರೆ ಏನಿಲ್ಲ.

ದಿನಾ ಬೆಟ್ಟ ಹತ್ತಲು ಆಗುವುದಿಲ್ಲವಲ್ಲ, ಅದಕ್ಕೇ ರಿಪೀಟರ್. ಎತ್ತರದ ಜಾಗದಲ್ಲಿ ಕೂತು ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಂಡದ್ದನ್ನು ಆ ಕ್ಷಣವೇ ಇನ್ನೊಂದರಲ್ಲಿ ಕೂಗಿ ಹೇಳುವ ಯಂತ್ರ. ಟೂ ಮೀಟರಿನಲ್ಲಿ ಎರಡರ ನಡುವೆ ಸಾಮಾನ್ಯವಾಗಿ 600 ಕಿಲೋಹರ್ಟ್ಸ್ ಅಂತರ. ಹಲವು ಕಡೆ ಜೊತೆಗೆ ಒಂದು ಟೋನ್ ಕಳಿಸಬೇಕು, ಬಾಗಿಲು ತಟ್ಟಿದ ಹಾಗೆ. ಟೋನ್ ಇಲ್ಲದಿದ್ದರೆ ರಿಪೀಟರ್ ಕೇಳಿಸಿಕೊಂಡೂ ಕೇಳಿಸದ ಹಾಗೆ ಇರುತ್ತದೆ. 'ಎಲ್ಲರ ಮಾತು ನನಗೆ ಕೇಳುತ್ತದೆ, ನನ್ನದು ಯಾರಿಗೂ ಇಲ್ಲ' ಎಂದು ಗೋಳಾಡುವ ಹೊಸಬರಲ್ಲಿ ಹತ್ತಕ್ಕೆ ಎಂಟು ಜನ ಟೋನ್ ಮರೆತವರು. ನಿಮ್ಮ ಸೀಮೆಯ ರಿಪೀಟರಿನ ನಂಬರು, ಅಂತರ, ಟೋನ್ ಮೂರನ್ನೂ ಅಲ್ಲಿನ ಹ್ಯಾಮ್‌ಗಳನ್ನು ಕೇಳಿ ಒಂದು ಚಾನೆಲ್ಲಿನಲ್ಲಿ ತುಂಬಿಕೊಳ್ಳಿ. ಸೆಟ್ಟಿನ ಗುಂಡಿ ಒತ್ತಿ ತುಂಬಲು ಹೋದರೆ ತಾಳ್ಮೆ ಕೆಡುತ್ತದೆ. ಕೇಬಲ್ ಹಾಕಿ ಕಂಪ್ಯೂಟರಿನಲ್ಲಿ ಚರ್ಪ್ ಎಂಬ ಉಚಿತ ಸಾಫ್ಟ್‌ವೇರಿನಿಂದ ತುಂಬಿ.

ಇನ್ನು ನಾನು ಎಲ್ಲರಿಗೂ ಹೇಳುವ ಐದು ರೂಪಾಯಿಯ ಚಿಕಿತ್ಸೆ. ಇದಕ್ಕೆ ಹುಲಿಬಾಲ ಎಂದು ಹೆಸರು. ಸೆಟ್ಟಿನ ಜೊತೆ ಬರುವ ರಬ್ಬರ್ ಕೋಲು ಅರ್ಧ ಆಂಟೆನಾ ಮಾತ್ರ. ಇನ್ನರ್ಧದ ಕೆಲಸವನ್ನು ಸೆಟ್ಟಿನ ಮೈ, ನಿಮ್ಮ ಕೈ ಹೇಗೋ ತೂಗಿಸಿಕೊಂಡು ಹೋಗುತ್ತವೆ. ಆ ಇನ್ನರ್ಧವನ್ನು ನಾವೇ ಕೊಟ್ಟರೆ ಸರಿ.

ಮನೆ ವೈರಿಂಗ್ ಮಾಡಿ ಉಳಿದ ತುಂಡು ವೈರು ಇರುತ್ತದಲ್ಲ, ಎಳೆಎಳೆಯಾಗಿರುವುದು, ಅದನ್ನು ತೆಗೆದುಕೊಳ್ಳಿ. ಸುಮಾರು 52 ಸೆಂಟಿಮೀಟರ್ ಕತ್ತರಿಸಿ. ಒಂದು ತುದಿಯ ಸಿಪ್ಪೆ ಮೂರು ಸೆಂಟಿಮೀಟರ್ ಸುಲಿಯಿರಿ, ಎಳೆಗಳನ್ನು ಬತ್ತಿ ಹೊಸೆದ ಹಾಗೆ ಹೊಸೆಯಿರಿ. ಸೆಟ್ ಆಫ್ ಮಾಡಿ ರಬ್ಬರ್ ಕೋಲನ್ನು ತಿರುಚಿ ಬಿಚ್ಚಿ. ಕೆಳಗೆ ತಿರುಪಿನ ಗೆರೆಗಳಿರುವ ಹಿತ್ತಾಳೆ ಬಣ್ಣದ ಬಳೆ ಕಾಣುತ್ತದೆ, ನಡುವೆ ಒಂದು ಸೂಜಿ. ಹೊಸೆದ ತುದಿಯನ್ನು ಆ ಬಳೆಯ ಬುಡಕ್ಕೆ ಒಂದೇ ಸುತ್ತು ಸುತ್ತಿ. ಒಂದು ಎಳೆಯೂ ನಡುವಿನ ಸೂಜಿಗೆ ತಾಕಬಾರದು, ಕನ್ನಡಕ ಹಾಕಿಕೊಂಡು ನೋಡಿ. ಮೇಲಿಂದ ರಬ್ಬರ್ ಕೋಲನ್ನು ತಿರುಗಿಸಿ ಬಿಗಿ ಮಾಡಿದರೆ ವೈರು ನಡುವೆ ಕಚ್ಚಿಕೊಳ್ಳುತ್ತದೆ. ಕೆಳಗೆ ನೇತಾಡುವ ಬಾಲ 49 ಸೆಂಟಿಮೀಟರ್ ಉಳಿಯಬೇಕು. ಗೋಕಾಕದವರಿಗೆ ಹೇಳಿದ ಅಲೆಯಲ್ಲಿ ಇದು ಕಾಲು ಪಾಲು. ಕಾಲು ಪಾಲು ಅಂದರೆ 52 ಆಗಬೇಕಿತ್ತಲ್ಲ ಎಂದು ಲೆಕ್ಕದವರು ಕೇಳುತ್ತಾರೆ. ಗಾಳಿಯಲ್ಲಿ ಹೋಗುವುದಕ್ಕಿಂತ ತಂತಿಯಲ್ಲಿ ಅಲೆ ಸ್ವಲ್ಪ ನಿಧಾನ, ಹಾಗಾಗಿ ತುಸು ಗಿಡ್ಡ.

ಲ್ಯಾಬಿನಲ್ಲಿ ಮೊದಲ ಸಲ ಇದನ್ನು ಮಾಡಿದಾಗ ಒಬ್ಬ ಹುಡುಗ ಮುಸಿಮುಸಿ ನಕ್ಕಿದ್ದ. ಬಾಲ ಇಲ್ಲದೆ ರಿಪೀಟರಿಗೆ ತುಂಡು ತುಂಡಾಗಿ ಮುಟ್ಟುತ್ತಿದ್ದ ಅವನ ದನಿ ಬಾಲ ಕಟ್ಟಿದ ಮೇಲೆ ಇಡಿಯಾಗಿ ಹೋಯಿತು. ಆಮೇಲೆ ಕ್ಲಾಸಿನ ಎಲ್ಲ ಸೆಟ್ಟಿಗೂ ಬಾಲ ಬಂತು, ಅವನದ್ದಕ್ಕೆ ಕೆಂಪು ವೈರು. ನಿಮಗೂ ಸಾಲದಿದ್ದರೆ ಮುಂದಿನ ತಿಂಗಳು ಐದು ತಂತಿಯ ತಾರಸಿ ಆಂಟೆನಾ ಹೇಳಿಕೊಡುತ್ತೇನೆ.

ಒಂದೇ ಎಚ್ಚರಿಕೆ. ರಬ್ಬರ್ ಕೋಲು ಬಿಚ್ಚಿರುವಾಗ ಅಪ್ಪಿತಪ್ಪಿಯೂ ಬಟನ್ ಒತ್ತಬೇಡಿ. ಹೋಗಬೇಕಾದ ಶಕ್ತಿ ಹಿಂದಕ್ಕೆ ಬಂದು ಒಳಗಿನ ಟ್ರಾನ್ಸಿಸ್ಟರ್ ಸುಟ್ಟೀತು.

ಕಾಲ್‌ಸೈನ್ ಬಂದಿದೆ, ಸೆಟ್ ಇದೆ, ರಿಪೀಟರ್ ತುಂಬಿದ್ದೇನೆ. ಬಟನ್ ಮೇಲೆ ಬೆರಳಿಟ್ಟರೆ ಗಂಟಲು ಒಣಗುತ್ತದೆ. ಏನು ಹೇಳುವುದು? ಇಂಗ್ಲಿಷ್ ಸರಾಗ ಬರುವುದಿಲ್ಲ.
– ಹೆಸರು ಬೇಡ, ಮಂಡ್ಯ

ಎಲ್ಲರಿಗೂ ಒಣಗುತ್ತದೆ. ಕನ್ನಡದಲ್ಲೇ ಮಾತಾಡಿ. ನಮ್ಮ ಕಡೆಯ ರಿಪೀಟರುಗಳಲ್ಲಿ ಬೆಳಗ್ಗೆ ಹೊತ್ತು ಮಳೆ, ಬೆಳೆ, ಮಂಡಿ ನೋವು, ಆಂಟೆನಾ ಎಲ್ಲ ಕನ್ನಡದಲ್ಲೇ ನಡೆಯುತ್ತದೆ. ಕಾಲ್‌ಸೈನ್ ಮಾತ್ರ ಎಲ್ಲರಿಗೂ ತಿಳಿಯುವಂತೆ 'ವಿಕ್ಟರ್ ಯೂನಿಫಾರ್ಮ್ ತ್ರೀ' ಎಂದು ಬಿಡಿಸಿ ಹೇಳಿ.

ಐದು ನಿಮಿಷ ಕೇಳಿ. ಯಾರೂ ಇಲ್ಲದಿದ್ದರೆ ಬಟನ್ ಒತ್ತಿ, ಒಂದು ಉಸಿರು ಬಿಟ್ಟು, ನಿಮ್ಮ ಕಾಲ್‌ಸೈನ್ ಹೇಳಿ 'ಕೇಳುತ್ತಿದ್ದೇನೆ' ಅನ್ನಿ. ಒತ್ತಿದ ಕೂಡಲೇ ಮಾತು ಶುರು ಮಾಡಿದರೆ ಮೊದಲ ಅಕ್ಷರ ನುಂಗಿಹೋಗುತ್ತದೆ. ಯಾರೋ ಇಬ್ಬರು ಮಾತಾಡುತ್ತಿದ್ದರೆ ಅವರು ಬಿಡುವ ಸಂದಿಯಲ್ಲಿ ಬರೀ ಕಾಲ್‌ಸೈನ್ ಹೇಳಿ, ಅವರೇ ಕರೆಯುತ್ತಾರೆ. ಹೆಸರು, ಊರು, ನಿಮ್ಮ ದನಿ ಹೇಗೆ ಬರುತ್ತಿದೆ ಎಂದು ಕೇಳುವುದು, ಮೊದಲ ದಿನಕ್ಕೆ ಇಷ್ಟು ಬಹಳ. ಮುಗಿಸುವಾಗ 'ಸೆವೆಂಟಿ ತ್ರೀ' ಅನ್ನಿ, ನಮಸ್ಕಾರ ಎಂದರ್ಥ. ಮೈಕನ್ನು ಬಾಯಿಗೆ ತುರುಕಬೇಡಿ, ನಾಲ್ಕು ಬೆರಳು ದೂರ ಇರಲಿ.

ಗಂಡಸರನ್ನು 'ಓಎಂ' ಅನ್ನುತ್ತಾರೆ, ಓಲ್ಡ್ ಮ್ಯಾನ್. ಹದಿನಾರರ ಹುಡುಗನೂ ಓಎಂ. ಹೆಂಗಸರು 'ವೈಎಲ್', ಯಂಗ್ ಲೇಡಿ. ನನಗೀಗ 56. ಬೇರೆ ಯಾರೂ ನನ್ನನ್ನು ಹಾಗೆ ಕರೆಯುವುದಿಲ್ಲ.

ನಮ್ಮದು ಕಲ್ಯಾಣ ಮಂಟಪ. ಅಡುಗೆಮನೆ, ಪಾರ್ಕಿಂಗ್, ಊಟದ ಹಾಲ್ ನಡುವೆ ಮಾತಾಡಲು ನಾಲ್ಕು ಸೆಟ್ ಬೇಕು. ನಾನೊಬ್ಬ ಹ್ಯಾಮ್ ಲೈಸೆನ್ಸ್ ತೆಗೆದುಕೊಂಡರೆ ನಡೆಯುತ್ತದಾ?
– ವಿ.ಎನ್., ಹಾಸನ

ನಡೆಯುವುದಿಲ್ಲ. ಎರಡು ಕಾರಣ. ಹ್ಯಾಮ್ ಲೈಸೆನ್ಸ್ ಪಾಸಾದ ಮನುಷ್ಯನಿಗೆ, ಅವನ ಅಡುಗೆ ಭಟ್ಟರಿಗಲ್ಲ. ಮತ್ತೆ, ಹ್ಯಾಮ್ ಬ್ಯಾಂಡಿನಲ್ಲಿ ವ್ಯಾಪಾರ ಕೂಡದು. 'ಎರಡನೇ ಪಂಕ್ತಿಗೆ ಹೋಳಿಗೆ ಬಿಡಿ' ಎಂಬುದು ವ್ಯಾಪಾರವೇ.

ನಿಮಗೆ ಬೇಕಾದದ್ದು 446.0ರಿಂದ 446.2 ಮೆಗಾಹರ್ಟ್ಸ್‌ನ ಸಣ್ಣ ಸೆಟ್. 2018ರ ನಿಯಮದ ಪ್ರಕಾರ ಕಡಿಮೆ ಶಕ್ತಿಯ ಇವಕ್ಕೆ ಲೈಸೆನ್ಸ್ ಬೇಡ. ಮಾದರಿಗೆ ಸರ್ಕಾರದ ಇಟಿಎ ಅನುಮೋದನೆ ಇದೆಯೇ ಎಂದು ಬಿಲ್ ಮಾಡಿಸುವ ಮೊದಲು ಕೇಳಿ. ಮಂಟಪದ ಒಳಗೆ ಧಾರಾಳ ಸಾಕಾಗುತ್ತದೆ.

ಜೇಬಿನಲ್ಲಿ ಮೊಬೈಲ್ ಇರುವಾಗ ಪರೀಕ್ಷೆ ಬರೆದು ಮೂರು ಕಿಲೋಮೀಟರ್ ಮಾತಾಡುವ ಈ ಹುಚ್ಚಾಟ ಯಾಕೆ? ಸಿಟ್ಟಾಗಬೇಡಿ, ನಿಜವಾಗಿ ಕೇಳುತ್ತಿದ್ದೇನೆ.
– ಟಿ., ಕಲಬುರಗಿ

ಸಿಟ್ಟೇನಿಲ್ಲ. ನಮ್ಮ ಮನೆಯವರೂ 25 ವರ್ಷದಿಂದ ಇದನ್ನೇ ಕೇಳುತ್ತಿದ್ದಾರೆ.

2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್ ಹೈದರಾಬಾದಿನ ಹ್ಯಾಮ್ ಸಂಸ್ಥೆಯ ತಂಡದ ಜೊತೆ ಪೋರ್ಟ್ ಬ್ಲೇರಿಗೆ ಹೋಗಿದ್ದರು. ಹೋದದ್ದು ಹವ್ಯಾಸಕ್ಕೆ. ಅಂಡಮಾನಿನಿಂದ ಹ್ಯಾಮ್‌ಗಳು ಮಾತಾಡಿ ವರ್ಷಗಟ್ಟಲೆ ಆಗಿತ್ತು, ಹಾಗಾಗಿ ಪ್ರಪಂಚವೆಲ್ಲ ಅವರನ್ನು ಕರೆಯಲು ಸಾಲುಗಟ್ಟಿತ್ತು. 26ರ ಬೆಳಗ್ಗೆ ನೆಲ ನಡುಗಿತು, ಸುನಾಮಿ ಬಂತು, ಫೋನು ಸತ್ತವು. ಆಟಕ್ಕೆಂದು ಕಟ್ಟಿದ್ದ ಅದೇ ಸ್ಟೇಷನ್ನಿನಿಂದ 'ಇಂಥವರು ಬದುಕಿದ್ದಾರೆ, ಮನೆಗೆ ತಿಳಿಸಿ' ಎಂಬ ಸುದ್ದಿಗಳು ಹೊರಬಂದವು.

ಆದರೆ ನಾನು ಪ್ರಾಣ ಉಳಿಸಲೆಂದು ಹ್ಯಾಮ್ ಆದವಳು ಎಂದರೆ ಸುಳ್ಳಾಗುತ್ತದೆ. ಹಿಡಿಸಿದ್ದು ಬೇರೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಹ್ಯಾಮ್ ಸೆಟ್ ಇದೆ. ಅದು 145.800ರಲ್ಲಿ ಮಾತಾಡುತ್ತದೆ, ಕೆಲವು ದಿನ ಚಿತ್ರ ಕಳಿಸುತ್ತದೆ. ಕಾಲೇಜಿನ ತಾರಸಿಯಲ್ಲಿ ಒಂದು ಸಂಜೆ ಹುಡುಗರ ಜೊತೆ ಕಾದೆವು. ತಲೆಯ ಮೇಲೆ 400 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗಲು ಅದಕ್ಕೆ ಹತ್ತು ನಿಮಿಷ. ಸೆಟ್ಟಿನಿಂದ ಮಿಡತೆ ಕೂಗಿದಂಥ ಸದ್ದು ಬಂತು. ಮೊಬೈಲನ್ನು ಸ್ಪೀಕರಿನ ಹತ್ತಿರ ಹಿಡಿದರೆ ರೋಬೋಟ್36 ಎಂಬ ಆ್ಯಪ್ ಆ ಸದ್ದನ್ನು ಗೆರೆಗೆರೆಯಾಗಿ ಚಿತ್ರ ಮಾಡುತ್ತದೆ. ಒಂದು ಚಿತ್ರಕ್ಕೆ ಎರಡು ನಿಮಿಷ. ಮುಕ್ಕಾಲು ಬಂದಾಗ ವಾಚ್‌ಮನ್ ಬಂದು 'ಗೇಟ್ ಹಾಕ್ತೀನಿ ಮೇಡಂ' ಎಂದು ಕೂಗಿದರು, ಆ ಕೂಗು ಚಿತ್ರದ ಮೇಲೆ ಒಂದು ಅಡ್ಡ ಪಟ್ಟಿಯಾಗಿ ಮೂಡಿತು. ಹುಡುಗರು ಅದನ್ನೇ ಪ್ರಿಂಟ್ ಹಾಕಿ ಲ್ಯಾಬಿನಲ್ಲಿ ಅಂಟಿಸಿದ್ದಾರೆ. ನಿಮ್ಮ ಪ್ರಶ್ನೆಗೆ ನನ್ನ ಬಳಿ ಇರುವ ಉತ್ತರ ಆ ಪಟ್ಟಿ.

ನನಗೆ 71. ತಂತಿ ಕಚೇರಿಯಲ್ಲಿ 30 ವರ್ಷ ಇದ್ದೆ. 2013ರಲ್ಲಿ ಟೆಲಿಗ್ರಾಂ ನಿಂತ ದಿನ ಊಟ ಸೇರಲಿಲ್ಲ. ಮೋರ್ಸ್ ಬಡಿಯುತ್ತಿದ್ದ ನನ್ನ ಹಳೇ ಕೀ ಇನ್ನೂ ಇದೆ. ಮೊಮ್ಮಗಳು 'ಅಜ್ಜ, ಹ್ಯಾಮ್ ಆಗು' ಅನ್ನುತ್ತಾಳೆ. ಈ ವಯಸ್ಸಿಗೆ ಆಗುತ್ತದಾ? ಆ ಮೋರ್ಸ್ ಈಗಲೂ ನಡೆಯುತ್ತದಾ?
– ಎನ್.ಎಸ್., ಕುಮಟಾ

ರಾಯರೇ, ನಿಮ್ಮ ಕಾಗದ ಎರಡು ಸಲ ಓದಿದೆ. ನಮ್ಮ ತಂದೆಯೂ ಸಾಗರದ ಕಡೆ ತಂತಿ ಕಚೇರಿಯಲ್ಲಿದ್ದವರು.

ಕನಿಷ್ಠ ವಯಸ್ಸು 12 ಎಂದಿದೆಯೇ ಹೊರತು 71 ಆದವರು ಬರೆಯಬಾರದು ಎಂದಿಲ್ಲ. ನೀವು ನೇರವಾಗಿ ಜನರಲ್ ಬರೆಯಿರಿ. ನಿಮಿಷಕ್ಕೆ 8 ಪದ ನಿಮಗೆ ಆಕಳಿಸುತ್ತ ಮಾಡುವ ಕೆಲಸ. ಅಕ್ಷರಗಳು ಅವೇ. ಇಂಗ್ಲಿಷಿನ 'ಇ'ಗೆ ಒಂದು ಗಿಡ್ಡ ಡಿಟ್, 'ಟಿ'ಗೆ ಒಂದು ಉದ್ದ ಡಾ, ಯಾವುದೂ ಬದಲಾಗಿಲ್ಲ.

ಒಂದು ತೊಡಕು ಮಾತ್ರ ಬರುತ್ತದೆ. ನೀವು ತಂತಿ ಕಚೇರಿಯ ಸೌಂಡರ್ ಯಂತ್ರದ ಕಟಕ್ ಕಟಕ್ ಕೇಳಿದವರು. ನಿಮ್ಮ ಕಿವಿ ಎರಡು ಕಟಕ್‌ಗಳ ನಡುವಿನ ಬಿಡುವನ್ನು ಅಳೆಯುತ್ತದೆ. ರೇಡಿಯೋದಲ್ಲಿ ಬರುವುದು ಪೀಪಿಯಂಥ ದನಿ, ಅಳೆಯಬೇಕಾದದ್ದು ದನಿಯ ಉದ್ದ. ನಮ್ಮ ತಂದೆಗೆ ಮೊದಲ ಸಲ ಹೆಡ್‌ಫೋನ್ ಹಾಕಿದಾಗ ಅವರು ಮುಖ ಸಿಂಡರಿಸಿ 'ಇದೇನೇ, ಕೊಳಲು ಊದಿದ ಹಾಗಿದೆ' ಅಂದಿದ್ದರು. ಒಂದು ವಾರ ತಡವರಿಸಿದರು. ಎಂಟನೇ ದಿನ ನನಗೆ ಸಿಗದ ಅಕ್ಷರಗಳನ್ನು ಅಡುಗೆಮನೆಯಿಂದಲೇ ಕೂಗಿ ಹೇಳುತ್ತಿದ್ದರು.

ಥಿಯರಿಯನ್ನು ಮೊಮ್ಮಗಳಿಂದ ಹೇಳಿಸಿಕೊಳ್ಳಿ. ಅವಳಿಗೆ 12 ತುಂಬಿದ್ದರೆ ಇಬ್ಬರೂ ಒಟ್ಟಿಗೆ ಅರ್ಜಿ ಹಾಕಿ, ಮಂಗಳೂರಿಗೆ ರೈಲಿನಲ್ಲಿ ಹೋಗಿಬರಬಹುದು.

ಕೀಯ ಕಾಂಟ್ಯಾಕ್ಟ್ ಕಪ್ಪಾಗಿದೆ, ಉಪ್ಪುಕಾಗದ ಹಾಕಿ ತಿಕ್ಕಲೇ ಎಂದು ಕೊನೆಗೆ ಕೇಳಿದ್ದೀರಿ. ಬೇಡವೇ ಬೇಡ, ಮೇಲಿನ ಒಳ್ಳೆ ಲೋಹ ಹೋಗಿಬಿಡುತ್ತದೆ. ಒಂದು ಬಿಳಿ ಕಾಗದದ ಪಟ್ಟಿ ನಡುವೆ ಇಟ್ಟು, ಕೀಯನ್ನು ಮೆಲ್ಲಗೆ ಒತ್ತಿ ಹಿಡಿದು, ಕಾಗದ ಎಳೆಯಿರಿ. ಕಾಗದ ಕಪ್ಪಾಗುವುದು ನಿಲ್ಲುವ ತನಕ ನಾಲ್ಕೈದು ಸಲ.